ನಾನು ತೊಳೆದ ಬಾಟಲಿಗಳು

ಬಾಟಲಿ ತೊಳೆಯುವುದು ಹೇಗೆಂದು ಅವನು ನನಗೆ ಹೇಳಿಕೊಡಲು ಬಂದ ದಿನ ನನ್ನ ಮನಸ್ಸು ಕೆಟ್ಟಿತು.

ಹಾಸನದ ಒಂದು ಕಾಲೇಜಿನ ರಸಾಯನಶಾಸ್ತ್ರ ವಿಭಾಗದಲ್ಲಿ ನಾನು ಲ್ಯಾಬ್ ಅಟೆಂಡರ್. ನಿವೃತ್ತಿಯಾದ ಮೇಲೂ ಕೈ ಪಳಗಿದ ಆಳು ಸಿಗದೆ ಕಾಲೇಜಿನವರು ನನ್ನನ್ನು ದಿನಗೂಲಿಯ ಮೇಲೆ ಉಳಿಸಿಕೊಂಡಿದ್ದರು. ಅವನು ಅದೇ ಲ್ಯಾಬಿಗೆ ಅಟೆಂಡರ್ ಆಗಿಯೇ ಬಂದವನು. ನನಗಿಂತ ಬಹಳ ಚಿಕ್ಕವನು, ನನ್ನಂತೆಯೇ ಎಸ್ಸೆಸ್ಸೆಲ್ಸಿ. ಬ್ಯೂರೆಟ್ಟಿನ ತಿರುಪಿಗೆ ಗ್ರೀಸ್ ಹಚ್ಚುವುದು, ಗಾಜಿನ ಕೊಳವೆಯನ್ನು ಕೈ ಕೊಯ್ಯದಂತೆ ಮುರಿಯುವುದು, ಆಸಿಡ್ಡಿಗೆ ನೀರು ಸುರಿಯದೆ ನೀರಿಗೆ ಆಸಿಡ್ ಸುರಿಯುವುದು, ಎಲ್ಲವನ್ನೂ ನಾನೇ ಕಲಿಸಿದೆ. ಆಮೇಲೆ ಅವನು ಪಿಯುಸಿ ಕಟ್ಟಿದ, ಸಂಜೆ ಕಾಲೇಜಿನಲ್ಲಿ ಬಿಎಸ್ಸಿ ಮಾಡಿದ, ಎಂಎಸ್ಸಿ ಮಾಡಿದ, ನಮ್ಮಲ್ಲೇ ಲೆಕ್ಚರರ್ ಆದ. ಸಂಜೆ ಕಾಲೇಜಿಗೆ ಸೇರುವಾಗ ನನಗೂ ಒಂದು ಅರ್ಜಿ ತಂದುಕೊಟ್ಟಿದ್ದ. ‘ಈ ವಯಸ್ನಲ್ಲಿ ಸ್ಲೇಟು ಬಳಪ ಹಿಡಿಯೋಕೆ ಓಗ್ಲೇನ್ಲಾ’ ಎಂದು ನಾನು ನಕ್ಕು ಅದನ್ನು ಬದಿಗಿಟ್ಟಿದ್ದೆ. ಅವನನ್ನು ಇಲ್ಲಿ ಕಿರಿಯ ಎಂದು ಕರೆಯುತ್ತೇನೆ. ಹೆಸರು ಬೇಡ.

ಕಿರಿಯ ಪರಿಸರ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಸೇರಿ ಕೆಲವು ವರ್ಷಗಳಾಗಿದ್ದವು. ಜಿಲ್ಲೆಯ ನದಿ, ಕೆರೆ, ಬೋರ್‌ವೆಲ್ ನೀರಿನಲ್ಲಿ ಗೊಬ್ಬರದ ಅಂಶ ಎಷ್ಟು ಸೇರುತ್ತಿದೆ ಎಂಬುದು ವಿಷಯ. ಒಂದು ಬೆಳಿಗ್ಗೆ ಹೊಸ ಪ್ಲಾಸ್ಟಿಕ್ ಬಾಟಲಿಗಳನ್ನೂ ಸಣ್ಣ ಫ್ಲಾಸ್ಕುಗಳನ್ನೂ ನನ್ನ ಸಿಂಕಿನ ಪಕ್ಕ ಜೋಡಿಸಿದ.

‘ಅಣ್ಣ, ಈ ಸೆಟ್ಟಿಗೆ ಸೋಪಿನ ಪುಡಿ ಮುಟ್ಟುಸ್ಬ್ಯಾಡಿ. ಬರೀ ಆಸಿಡ್ನಲ್ಲಿ ನೆನೆಹಾಕಿ, ಆಮ್ಯಾಕೆ ಡಿಸ್ಟಿಲ್ಡ್ ವಾಟರ್ನಲ್ಲಿ ಚೆನ್ನಾಗಿ ಜಾಲ್ಸಿ.’

‘ಯಾಕೆ, ನಾನ್ ತೊಳೆದಿದ್ದು ಸಾಲ್ದೇನು?’

‘ಅಂಗಲ್ಲ ಕಣಣ್ಣ. ಪುಡೀಲಿ ಫಾಸ್ಫೇಟ್ ಇರ್ತದೆ. ನಾನು ನೀರಲ್ಲಿ ಅಳೆಯೋದೂ ಅದನ್ನೇ. ಬಾಟ್ಲಿಗೆ ಅಂಟ್ಕೊಂಡಿದ್ರೆ ಕೆರೇದ್ಯಾವುದು ಸೋಪಿಂದ್ಯಾವುದು ಗೊತ್ತಾಗಕಿಲ್ಲ.’

ಅವನು ಹೇಳಿದ್ದು ಸರಿಯಾಗಿತ್ತು, ಮೆತ್ತಗೂ ಹೇಳಿದ್ದ. ಆದರೆ ಪಕ್ಕದಲ್ಲಿ ಹೊಸದಾಗಿ ಸೇರಿದ ಇಬ್ಬರು ಲೆಕ್ಚರರುಗಳು ನಿಂತು ಕೇಳುತ್ತಿದ್ದರು. ನಾನು ‘ಆಗ್ಲಿ ಸಾ’ ಅಂದೆ. ಬೇರೆಯವರ ಎದುರು ಅವನನ್ನು ಸಾ ಎಂದು ಕರೆಯಲು ಶುರುಮಾಡಿ ಬಹಳ ಕಾಲವಾಗಿತ್ತು, ಆದರೂ ಆ ದಿನ ಅದು ಕಹಿಯೆನಿಸಿತು. ಅವರು ಹೋದ ಮೇಲೆ ಟಬ್ಬಿಗೆ ನೀರು ಬಿಟ್ಟು, ಎಂದಿನಂತೆ ಒಂದು ಹಿಡಿ ಪುಡಿ ಹಾಕಿ ನೊರೆ ಬರಿಸಿದೆ. ಬ್ರಷ್ ಹಾಕಿ ಉಜ್ಜಿ, ನಲ್ಲಿ ನೀರಿನಲ್ಲಿ ಒಂದು ಸಲ ಜಾಲಿಸಿ, ಬೋರಲು ಹಾಕಿದೆ. ಬಾಟಲಿಗಳು ಫಳಫಳ ಹೊಳೆಯುತ್ತಿದ್ದವು. ಇದಕ್ಕಿಂತ ಚೊಕ್ಕ ಇನ್ನೇನು ಬೇಕು ಅಂದುಕೊಂಡೆ. ಆವತ್ತಿಗೆ ಅದು ಹಟ ಮಾತ್ರ. ಅವನ ಕೆಲಸ ಕೆಡಿಸಬೇಕೆಂದು ತೊಳೆದಿರಲಿಲ್ಲ.

ಪಿಎಚ್.ಡಿ. ಎಂದರೆ ದಪ್ಪ ಪುಸ್ತಕ ಬರೆದುಕೊಟ್ಟರೆ ಆಯಿತು ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಕಮಿಟಿಯ ಕೋಣೆಗೆ ಟೀ ಕೊಂಡೊಯ್ಯುತ್ತಾ ಗೊತ್ತಾಯಿತು. ಮೊದಲು ಕೋರ್ಸ್‌ವರ್ಕ್ ಎಂಬ ಪರೀಕ್ಷೆ. ತಲೆ ನರೆಯುವ ವಯಸ್ಸಿನಲ್ಲಿ ಅವನು ಹುಡುಗರ ಜೊತೆ ಕುಳಿತು ಅದನ್ನು ಬರೆದು ಪಾಸಾಗಿ ನನಗೆ ಮೈಸೂರು ಪಾಕು ಕೊಟ್ಟಿದ್ದ. ಆಮೇಲೆ ಆರಾರು ತಿಂಗಳಿಗೆ ಕಮಿಟಿಯ ಮುಂದೆ ನಿಂತು ಮಾಡಿದ ಕೆಲಸದ ವರದಿ ಒಪ್ಪಿಸಬೇಕು. ಪತ್ರಿಕೆಗಳಲ್ಲಿ ಲೇಖನಗಳು ಒಪ್ಪಿತವಾಗಬೇಕು. ಕೊನೆಗೆ ವಿಭಾಗದವರೆಲ್ಲರ ಎದುರು ಕೊಲೋಕ್ವಿಯಂ ಎಂಬ ಉಪನ್ಯಾಸ, ನಂತರ ಸಾರಾಂಶ, ಬೇರೆಯವರದು ನಕಲು ಮಾಡಿಲ್ಲವೆಂಬ ಕಂಪ್ಯೂಟರ್ ತಪಾಸಣೆ, ಪ್ರಬಂಧ, ಹೊರಗಿನ ಪರೀಕ್ಷಕರು, ವೈವಾ ಎಂಬ ಮೌಖಿಕ ಪರೀಕ್ಷೆ. ಇಷ್ಟಕ್ಕೂ ಒಂದು ಗಡುವು. ಅವನು ಗಡುವು ಮುಗಿಸಿ, ಕೇಳಿಕೊಂಡು, ಕಡೆಯ ವಿಸ್ತರಣೆಯಲ್ಲಿದ್ದ. ಅದೂ ದಾಟಿದರೆ ನೋಂದಣಿ ರದ್ದು, ಮಾಡಿದ್ದೆಲ್ಲ ಸೊನ್ನೆ.

ಪ್ರತಿಯೊಂದು ಮೆಟ್ಟಿಲಿನಲ್ಲೂ ಅವನು ಜಾರುತ್ತಾನೆಂದು ನಾನು ಕಾದೆ. ಬಾಯಲ್ಲಿ ‘ಒಳ್ಳೇದಾಗ್ಲಿ’ ಅನ್ನುತ್ತಲೇ ಕಾದೆ.

ನೀರು ತರಲು ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದ. ಅವನ ಹಳೆಯ ಕಾರಿನ ಹಿಂದಿನ ಸೀಟಿನಲ್ಲಿ ಐಸ್ ಪೆಟ್ಟಿಗೆ. ಬೆಳಿಗ್ಗೆ ಅರಕಲಗೂಡು ದಾಟಿ ರುದ್ರಪಟ್ಟಣದ ಹೊಳೆಗೆ ಇಳಿದು ಶುರುಮಾಡಿದರೆ, ಹೊಳೆನರಸೀಪುರದ ಸೇತುವೆಯ ಕೆಳಗೆ ಎರಡನೆಯದು, ಚನ್ನರಾಯಪಟ್ಟಣದ ಕಡೆ ಕೆರೆಗಳು, ನುಗ್ಗೇಹಳ್ಳಿ ಸುತ್ತಿನ ಬೋರ್‌ವೆಲ್ಲುಗಳು. ಬೋರ್‌ವೆಲ್ ಆದರೆ ನಿಂತ ನೀರು ಹೋಗುವವರೆಗೂ ಸುಮ್ಮನೆ ಹರಿಯಲು ಬಿಡಬೇಕು. ನದಿಯಾದರೆ ದಡದ ನೀರು ಬೇಡ, ಒಳಗೆ ಇಳಿದು, ಬಾಟಲಿಯ ಬಾಯಿ ಹರಿವಿಗೆ ಎದುರಾಗಿ ಹಿಡಿದು, ಗುಳ್ಳೆ ಉಳಿಯದಂತೆ ತುಂಬಬೇಕು. ಮುಚ್ಚಳ ಬಿಗಿದು, ಊರು, ಹೊತ್ತು ಬರೆದ ಟೇಪು ಅಂಟಿಸಿ, ಐಸಿನೊಳಗೆ ಇಳಿಸಬೇಕು. ಪ್ಯಾಂಟು ಮಡಿಚಿಕೊಂಡು ನೀರಿಗಿಳಿಯುತ್ತಿದ್ದವನು ಅವನೇ. ನನ್ನ ಮಂಡಿನೋವು ಅವನಿಗೆ ಗೊತ್ತಿತ್ತು.

ನುಗ್ಗೇಹಳ್ಳಿಯ ಹತ್ತಿರ ಒಂದು ತೆಂಗಿನ ತೋಟದಲ್ಲಿ ಹೆಂಗಸೊಬ್ಬಳು ಪಂಪಿನ ಮನೆಯ ಬಳಿ ಬಂದು ನಿಂತಳು. ನನ್ನ ಬಿಳಿಯ ತಲೆ ನೋಡಿ ನನ್ನನ್ನೇ ಕೇಳಿದಳು.

‘ಯಾವ ಆಫೀಸ್ನೋರು ಸಾ? ಕರೆಂಟ್ನೋರಾ?’

‘ಕಾಲೇಜ್ನೋರು ಕಣವ್ವ’ ಅಂದ ಕಿರಿಯ. ‘ನಿಮ್ ನೀರು ಕುಡಿಯೋಕೆ ಸರಿ ಐತಾ ಅಂತ ನೋಡ್ತೀವಿ.’

‘ನಮ್ಮತ್ತೆ ಇದ್ನೇ ಕುಡ್ಕಂಡು ಇನ್ನೂ ನನ್ಮ್ಯಾಲೆ ರೇಗ್ತಾ ಕುಂತವ್ರೆ, ನೀರಿಗೇನಾಗೈತೆ? ಅಲ್ಲಾ, ಈ ತ್ವಾಟಕ್ಕೆ ಬಂದಿರೋ ದೊಡ್ಡ ಸಾಯೇಬ್ರು ಇವ್ರೇಯಾ?’

‘ಊಂ ಕಣವ್ವ. ನಂಗೆ ಕೆಲ್ಸ ಕಲ್ಸಿದ್ದು ಇವ್ರೇಯಾ.’

ಆಕೆ ನನಗೆ ಕೈ ಮುಗಿದು ಎಳನೀರು ಕೊಚ್ಚಿಸಿಕೊಟ್ಟಳು. ಅದನ್ನು ಕುಡಿದೆ. ಆದರೆ ಒಳಗೆ ಉರಿಯಿತು. ಅವನು ನನ್ನನ್ನು ತಾತ್ಸಾರ ಮಾಡಿದ್ದರೆ ದ್ವೇಷಿಸಲು ಸುಲಭವಾಗುತ್ತಿತ್ತು. ಅವನು ಅದಕ್ಕೂ ಆಸ್ಪದ ಕೊಡಲಿಲ್ಲ.

ಮಳೆಗಾಲದ ನೀರು ಪರೀಕ್ಷೆಗೆ ಬಂತು. ಫಾಸ್ಫೇಟ್ ನೋಡಲು ನೀರಿಗೆ ಎರಡು ದ್ರಾವಣ ಬೆರೆಸುತ್ತಾರೆ, ಇದ್ದರೆ ನೀಲಿ ಬಣ್ಣ ಬರುತ್ತದೆ, ಬಣ್ಣ ಎಷ್ಟು ಗಾಢವೆಂದು ಯಂತ್ರ ಅಳೆಯುತ್ತದೆ. ಯಂತ್ರವನ್ನು ಸೊನ್ನೆಗೆ ಹೊಂದಿಸಲು ಅವನು ಒಂದೇ ಒಂದು ಫ್ಲಾಸ್ಕನ್ನು ಬೀರುವಿನಲ್ಲಿ ಬೇರೆ ಇಟ್ಟು ತಾನೇ ತೊಳೆದುಕೊಳ್ಳುತ್ತಿದ್ದ. ಅದೊಂದು ತಿಳಿಯಾಗಿತ್ತು. ಉಳಿದವೆಲ್ಲ ನೀಲಿ. ಅವನು ಹಿಗ್ಗಿದ. ಆಲೂಗೆಡ್ಡೆ ಹೊಲಗಳ ಗೊಬ್ಬರ ಮಳೆಗೆ ತೊಳೆದು ಬಂದು ಕೆರೆ ಸೇರುತ್ತಿದೆ ಎಂದು ಲೇಖನ ಬರೆದು ಪತ್ರಿಕೆಗೆ ಕಳಿಸಿದ.

ಆ ಸಲದ ಕಮಿಟಿಗೆ ನಾನು ಟೀ ಹಿಡಿದುಕೊಂಡು ಹೋದಾಗ ಅವನ ಗೈಡ್ ಮ್ಯಾಡಂ ಕೇಳುತ್ತಿದ್ದರು. ‘ಬ್ಲ್ಯಾಂಕ್ ಎಲ್ಲಿ? ಡಿಸ್ಟಿಲ್ಡ್ ವಾಟರ್ ತುಂಬಿದ ಒಂದು ಬಾಟಲಿಯನ್ನ ಇದೇ ತರ ಊರೂರು ಸುತ್ತಿಸಿಕೊಂಡು ಬಂದು ಪರೀಕ್ಷೆ ಮಾಡಿದೀರಾ?’

ಮಾಡಿರಲಿಲ್ಲ. ಮುಂದಿನ ಚಳಿಗಾಲದ ಸುತ್ತಿನಲ್ಲಿ ಮಾಡಿದ. ಏನೂ ಇಲ್ಲದ ನೀರು ಇರುವ ಬಾಟಲಿ ನೀಲಿಯಾಯಿತು.

ಅವನ ಮುಖ ಆ ಯಂತ್ರದ ಬೆಳಕಿನಲ್ಲಿ ಹೇಗಾಯಿತೆಂದು ನಾನು ಎದುರಿಗೇ ನಿಂತು ನೋಡಿದೆ. ನನಗೆ ಆ ಕ್ಷಣದಲ್ಲೇ ಕಾರಣ ತಿಳಿಯಿತು. ನನ್ನ ಟಬ್ಬು, ನನ್ನ ಪುಡಿ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ. ಇಲ್ಲಿಯವರೆಗಿನದು ಹಟ ಎಂದೆನಲ್ಲ, ಇಲ್ಲಿಂದ ಮುಂದಿನದಕ್ಕೆ ಆ ಹೆಸರು ಸಲ್ಲದು.

‘ಡಿಸ್ಟಿಲೇಷನ್ ಯೂನಿಟ್ ಕೆಟ್ಟೈತೇನೋ ಅಣ್ಣ’ ಅಂದ.

‘ಇರ್ಬೋದು ಕಣಪ್ಪ’ ಅಂದೆ.

ಇಬ್ಬರೂ ಸೇರಿ ನೀರು ಬಟ್ಟಿ ಇಳಿಸುವ ಯಂತ್ರವನ್ನು ಬಿಚ್ಚಿದೆವು. ಒಳಗಿನ ಸುಣ್ಣದ ಪದರ ಕೆರೆದು ತೆಗೆದೆವು. ಬಾಟಲಿಗಳನ್ನು ನಾನು ಅದೇ ಪುಡಿಯಲ್ಲಿ ತೊಳೆದುಕೊಟ್ಟೆ. ಮತ್ತೆ ಪರೀಕ್ಷೆ, ಮತ್ತೆ ನೀಲಿ. ಬಣ್ಣ ಬರಿಸುವ ದ್ರಾವಣ ಹಳತಾಗಿರಬಹುದೆಂದು ಬೆಂಗಳೂರಿನಿಂದ ಹೊಸದು ತರಿಸಿದ. ಮತ್ತೆ ನೀಲಿ. ಒಂದು ಬಾಟಲಿಯಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ, ಹೀಗೆ ಒಂದು ಲೆಕ್ಕಕ್ಕೂ ಬಾರದೆ ಅವನನ್ನು ಸತಾಯಿಸಿತು. ಬಾಟಲಿಯ ಮೇಲೂ ಅನುಮಾನ ಬಂದು ಒಂದು ಸಲ ಕೇಳಿದ.

‘ಆಸಿಡ್ನಲ್ಲೇ ತಾನೆ ಅಣ್ಣ ತೊಳ್ದಿದ್ದು?’

‘ಮತ್ತಿನ್ಯಾತರಲ್ಲಿ ತೊಳೀಲಿ?’

ಅವನು ತಲೆಯಾಡಿಸಿ ಯಂತ್ರದ ಕಡೆ ತಿರುಗಿದ. ಕಲಿಸಿದವನ ಮಾತನ್ನು ಎರಡನೇ ಸಲ ಕೇಳುವವನಲ್ಲ ಅವನು. ಬೇರೆ ಯಾರಾದರೂ ಆಗಿದ್ದರೆ ನನ್ನ ಎದುರೇ ಒಂದು ಬಾಟಲಿ ತೊಳೆದು ನೋಡುತ್ತಿದ್ದರು.

ಮನೆಯಲ್ಲಿ ನನ್ನ ಹೆಂಡತಿ ಇನ್ನೊಂದು ಕಡೆಯಿಂದ ತಿವಿಯುತ್ತಿದ್ದಳು. ‘ಅವ್ನೆಂಡ್ತಿ ಸಂತೇಲಿ ಸಿಕ್ಕಿದ್ಲು. ಮನೆ ಮುಂದೆ ಡಾಕ್ಟರ್ ಅಂತ ಬೋರ್ಡ್ ಹಾಕುಸ್ತಾರಂತೆ.’

‘ಜ್ವರ ಬಂದೋರೆಲ್ಲ ಅವ್ನ ಮನೆ ಬಾಗ್ಲಿಗೇ ಓಗ್ಲಿ ಬಿಡು.’

‘ನಿಮ್ದೊಳ್ಳೆ ಮಾತು. ಜೊತೇಲೇ ಕಸ ಗುಡ್ಸ್‌ತಿದ್ದೋನು. ನೀವೂ ಅವತ್ತು ಓದಿದ್ರೆ ಇವತ್ತು ನಾನೂ ಸಂತೇಲಿ ಅಂಗೆ ಯೋಳ್ತಿದ್ದೆ.’

ನಾನು ಊಟದ ತಟ್ಟೆ ತಳ್ಳಿ ಎದ್ದೆ. ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಕಷ್ಟ.

ಒಂದು ಮಧ್ಯಾಹ್ನ ಅವನ ಗೆಳೆಯನೊಬ್ಬ, ಇನ್ನೊಂದು ಕಾಲೇಜಿನ ಲೆಕ್ಚರರ್, ಲ್ಯಾಬಿಗೆ ಬಂದು ಉಪಾಯ ಹೇಳಿಕೊಟ್ಟ. ಬ್ಲ್ಯಾಂಕಿನ ಅಂಕಿಯನ್ನು ಸುಮ್ಮನೆ ಕಳೆದುಬಿಟ್ಟು ಬರೆ, ಮಳೆಗಾಲದ ಬ್ಲ್ಯಾಂಕ್ ಮಾಡಿದ್ದೆ ಅಂತಲೇ ಹೇಳು, ಯಾರು ಬಂದು ನೋಡ್ತಾರೆ, ಲೇಖನ ಅಚ್ಚಾಗಲಿ ಎಂದ. ಕಿರಿಯ ಟೀ ಕುಡಿದು ಅವನನ್ನು ಕಳಿಸಿಕೊಟ್ಟ. ಮಾರನೆಯ ದಿನ ಪತ್ರಿಕೆಗೆ ಮೇಲ್ ಮಾಡಿ ಲೇಖನವನ್ನು ವಾಪಸ್ಸು ಪಡೆದ. ಕಮಿಟಿಯ ಮುಂದೆಯೂ ತಾನಾಗಿ ನಿಂತು, ನನ್ನ ಫಾಸ್ಫೇಟ್ ಅಂಕಿಗಳನ್ನು ನಂಬಲು ಆಗುವುದಿಲ್ಲ ಎಂದು ಹೇಳಿದ. ಬೇಕಾಗಿದ್ದ ಲೇಖನಗಳಲ್ಲಿ ಒಂದು ಹೋಯಿತು, ಗಡುವು ಹತ್ತಿರ ಬಂತು. ಅವನು ಆ ಮೇಲ್ ಕಳಿಸುವುದನ್ನು ನಾನು ಹಿಂದೆ ನಿಂತು ನೋಡಿದ್ದೆ. ಆಗ ನನಗೆ ಆದದ್ದು ನಾಚಿಕೆಯೆಂದು ಬರೆಯಬೇಕೆಂದಿದೆ. ಸತ್ಯ ಹೇಳುವುದಾದರೆ ಮೊದಲು ಆದದ್ದು ಹೊಟ್ಟೆಕಿಚ್ಚು. ಓದಿನ ಮೇಲೆ ಕಿಚ್ಚುಪಟ್ಟಿದ್ದೆ, ಕುರ್ಚಿಯ ಮೇಲೆ ಪಟ್ಟಿದ್ದೆ. ಈಗ ಅವನ ನಿಯತ್ತಿನ ಮೇಲೂ ಪಟ್ಟೆ. ಅದೊಂದಾದರೂ ನನ್ನ ಕೈಯಲ್ಲಿ ಇದ್ದ ವಸ್ತುವಾಗಿತ್ತು. ಅದನ್ನೂ ನಾನೇ ಬಿಟ್ಟುಕೊಟ್ಟಿದ್ದೆ.

ಬೇಸಿಗೆಯ ಸುತ್ತು ಕಡೆಯದು. ಅದಕ್ಕೆ ನಾನು ಬಾಟಲಿಗಳನ್ನು ಅವನು ಹೇಳಿದಂತೆಯೇ ತೊಳೆದೆ. ಆಸಿಡ್ಡಿನಲ್ಲಿ ಹಗಲಿಡೀ ನೆನೆಹಾಕಿ, ಬಟ್ಟಿ ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಧೂಳು ಕೂರದಂತೆ ಮುಚ್ಚಿಟ್ಟೆ. ಯಾರಿಗೂ ಹೇಳದೆ ಸರಿಮಾಡಿಬಿಟ್ಟರೆ ತಪ್ಪು ತಾನಾಗಿ ತೀರುತ್ತದೆ ಎಂಬುದು ನನ್ನ ಲೆಕ್ಕ. ಬ್ಲ್ಯಾಂಕು ತಿಳಿಯಾಗಿ ಬಂತು. ಕೆರೆಗಳ ನೀರೂ ಹೆಚ್ಚುಕಡಿಮೆ ತಿಳಿ. ಕಿರಿಯ ನನ್ನ ಭುಜ ಹಿಡಿದು ಅಲ್ಲಾಡಿಸಿದ.

ಆದರೆ ಮ್ಯಾಡಂ ಒಪ್ಪಲಿಲ್ಲ. ನಾನು ಪಕ್ಕದ ಕೋಣೆಯಲ್ಲಿ ಬೀರು ಒರೆಸುತ್ತಿದ್ದೆ, ಪ್ರತಿ ಮಾತೂ ಕೇಳುತ್ತಿತ್ತು.

‘ಈಗ ಸರಿ ಬಂದಿದ್ದು ಯಾಕೆ? ಆಗ ಕೆಟ್ಟಿದ್ದು ಯಾಕೆ? ಕಾರಣ ಗೊತ್ತಿಲ್ಲದೆ ಹಳೇ ಎರಡು ಸುತ್ತನ್ನ ಹೇಗೆ ನಂಬೋದು? ಅದೇ ಬಾಟಲಿಗಳ ನೀರಲ್ಲಿ ನೈಟ್ರೇಟ್ ನೋಡಿದೀರಿ, ಫ್ಲೋರೈಡ್ ನೋಡಿದೀರಿ. ಏನು ಸೇರಿತ್ತು ಅಂತ ತಿಳಿಯದಿದ್ದರೆ ಅವನ್ನೂ ಕೈಬಿಡಬೇಕು.’

‘ಮೇಡಂ, ಅವೂ ಹೋದ್ರೆ ಥೀಸಿಸ್ಸೇ ಉಳಿಯಲ್ಲ. ಮತ್ತೆ ಮಳೆಗಾಲದ ನೀರು ತರೋಕೆ ಟೈಮಿಲ್ಲ.’

‘ಗೊತ್ತು. ಕಾರಣ ಹುಡುಕಿ. ಈ ವಾರದಲ್ಲಿ ಸಿಗದಿದ್ದರೆ ನಾನು ಸಹಿ ಹಾಕೋಕಾಗಲ್ಲ.’

ಅವನು ಹೊರಗೆ ಬಂದು ನನ್ನ ಸ್ಟೂಲಿನ ಮೇಲೆ ಕುಳಿತ. ಅಟೆಂಡರ್ ಆಗಿದ್ದಾಗ ಅವನು ಕುಳಿತುಕೊಳ್ಳುತ್ತಿದ್ದ ಹಾಗೆಯೇ, ಮಂಡಿಗಳ ನಡುವೆ ಕೈ ಇಟ್ಟುಕೊಂಡು. ‘ಆಯ್ತು ಕಣಣ್ಣ. ಇಲ್ಲಿಗೆ ಮುಗೀತು ಅನ್ಸುತ್ತೆ’ ಅಂದ. ಇದೇ ಮಾತಿಗಾಗಿ ನಾನು ವರ್ಷಗಳಿಂದ ಕಾದಿದ್ದೆ. ಈಗ ಬಂದಿತ್ತು, ನನಗೆ ಏನೂ ಸಿಕ್ಕಲಿಲ್ಲ. ಅವನು ಹಿಂದಕ್ಕೆ ಬಂದರೂ ನಾನು ಮುಂದಕ್ಕೆ ಹೋಗಿರಲಿಲ್ಲ.

ಎದ್ದು ಮ್ಯಾಡಂ ಕೋಣೆಯ ಬಾಗಿಲಿಗೆ ಹೋದೆ. ಅವನೂ ಹಿಂದೆ ಬಂದ.

‘ಮೇಡಂ, ಆ ಎರಡು ಸುತ್ತಿನ ಬಾಟ್ಲೀನ ನಾನು ಸೋಪಿನ ಪುಡೀಲಿ ತೊಳ್ದಿದ್ದೆ. ಈ ಬೇಸ್ಗೇದು ಮಾತ್ರ ಆಸಿಡ್ಡು.’

ಕಿರಿಯ ನನ್ನ ಕಡೆ ತಿರುಗಿದ. ‘ಅಣ್ಣ, ನಾನು ಕೇಳಿದ್ನಲ್ಲ?’

‘ಮರ್ತು ಬುಟ್ಟಿದ್ದೆ ಸಾ. ಕೇಳ್ದಾಗ ಬಯ್ತೀರೇನೋ ಅಂತ ಅಂಗಂದ್ಬುಟ್ಟೆ.’

ಅವರಿಬ್ಬರಿಗೂ ನಾನು ಹೇಳಿದ್ದು ಅಷ್ಟೇ. ಅದರಲ್ಲಿ ಅರ್ಧ ಸುಳ್ಳು. ವಯಸ್ಸಾದವನು ಮರೆತ ಎಂದರೆ ಯಾರೂ ಹೆಚ್ಚು ಕೆದಕುವುದಿಲ್ಲ.

ಮ್ಯಾಡಂ ಬಯ್ಯಲಿಲ್ಲ, ಅವರ ತಲೆ ಆಗಲೇ ಮುಂದಕ್ಕೆ ಓಡಿತ್ತು. ‘ಅದೇ ಪುಡಿ ಇದೆಯಾ? ಆಗ ಹೇಗೆ ತೊಳೆದ್ರೋ ಹಾಗೇ ತೊಳೆದು ತೋರಿಸಿ. ಅರ್ಧ ಬಾಟಲಿ ಹಾಗೆ, ಅರ್ಧ ಆಸಿಡ್ಡಲ್ಲಿ.’

ಮಾರನೆಯ ದಿನ ಬೆಳಿಗ್ಗೆ ಕಮಿಟಿಯ ಇನ್ನಿಬ್ಬರು ಪ್ರೊಫೆಸರುಗಳೂ ಬಂದು ನನ್ನ ಸಿಂಕಿನ ಸುತ್ತ ನಿಂತರು. ನನ್ನ ಜೀವಮಾನದಲ್ಲಿ ನಾನು ಮಾಡುವ ಕೆಲಸವನ್ನು ಅಷ್ಟು ದೊಡ್ಡವರು ಅಷ್ಟು ಗಮನವಿಟ್ಟು ನೋಡಿದ್ದು ಅದೊಂದೇ ಸಲ. ಟಬ್ಬಿಗೆ ನೀರು ಬಿಟ್ಟೆ. ‘ಎಷ್ಟು ಹಾಕಿದ್ರಿ?’ ಎಂದರು. ಒಂದು ಹಿಡಿ ತೋರಿಸಿದೆ, ತೂಕ ಮಾಡಿಕೊಂಡರು. ‘ಎಷ್ಟು ಸಲ ಜಾಲಿಸಿದ್ರಿ?’ ‘ಒಂದ್ಸಲ.’ ‘ಯಾವ ನೀರು?’ ‘ನಲ್ಲೀದು.’ ಕಿರಿಯ ಪ್ರತಿಯೊಂದನ್ನೂ ಬರೆದುಕೊಳ್ಳುತ್ತಿದ್ದ. ನನ್ನ ಕೈಯಿಂದ ಬ್ರಷ್ ಜಾರಿತು, ಅವನೇ ಎತ್ತಿಕೊಟ್ಟ.

ಪುಡಿಯಲ್ಲಿ ತೊಳೆದವು ನೀಲಿಯಾದವು. ಆಸಿಡ್ಡಿನಲ್ಲಿ ತೊಳೆದವು ತಿಳಿಯಾಗಿದ್ದವು. ಅದೇ ಬಾಟಲಿಗಳಲ್ಲಿ ನೈಟ್ರೇಟ್, ಫ್ಲೋರೈಡ್ ನೋಡಿದರು, ಅವಕ್ಕೆ ಏನೂ ಆಗಿರಲಿಲ್ಲ. ಸೋಡಿಯಂ ಮಾತ್ರ ಏರಿತ್ತು, ಅದನ್ನು ಕೈಬಿಟ್ಟರು. ಫಾಸ್ಫೇಟಿನ ಎರಡು ಸುತ್ತುಗಳನ್ನೂ ಕೈಬಿಟ್ಟು, ಬೇಸಿಗೆಯ ಸುತ್ತನ್ನಷ್ಟೇ ಇಟ್ಟುಕೊಂಡರು. ದೊಡ್ಡ ಅಧ್ಯಾಯವಾಗಬೇಕಿದ್ದದ್ದು ಕೆಲವೇ ಪುಟವಾಯಿತು, ಪ್ರಬಂಧ ಉಳಿಯಿತು. ಅವನು ಚನ್ನರಾಯಪಟ್ಟಣದ ಬೋರ್‌ವೆಲ್ಲುಗಳ ನೈಟ್ರೇಟಿನ ಮೇಲೆ ಹೊಸ ಲೇಖನ ಬರೆದ. ಪತ್ರಿಕೆಯವರು ಎರಡು ಸಲ ತಿದ್ದಿಸಿದರು. ಒಪ್ಪಿಗೆ ಬಂದದ್ದು ಗಡುವು ಇನ್ನೇನು ಮುಗಿಯುತ್ತದೆ ಎನ್ನುವಾಗ. ಕೊಲೋಕ್ವಿಯಂ ನಡೆಯಿತು, ನಕಲಿನ ತಪಾಸಣೆ ದಾಟಿತು, ಪ್ರಬಂಧ ವಿಶ್ವವಿದ್ಯಾಲಯಕ್ಕೆ ಹೋಯಿತು. ಹೊರಗಿನ ಪರೀಕ್ಷಕರ ವರದಿಗಳು ಬರುವವರೆಗೆ ತಿಂಗಳುಗಟ್ಟಲೆ ಅವನು ಕಾದ. ಈ ಸಲ ಅವನ ಜೊತೆ ನಾನೂ ಕಾದೆ. ಬೇರೆಯದೇ ರೀತಿಯಲ್ಲಿ ಕಾದೆ ಎಂದೇ ನಂಬಿದ್ದೆ.

ವೈವಾ ಎಲ್ಲರಿಗೂ ತೆರೆದಿರುತ್ತದೆ. ನಾನು ಕಡೆಯ ಸಾಲಿನಲ್ಲಿ ಕುಳಿತೆ. ಅವನ ಹೆಂಡತಿ ರೇಷ್ಮೆ ಸೀರೆ ಉಟ್ಟು ಮುಂದೆ ಕುಳಿತಿದ್ದಳು. ದೂರದಿಂದ ಬಂದಿದ್ದ ಪರೀಕ್ಷಕರು ಆ ಚಿಕ್ಕ ಅಧ್ಯಾಯಕ್ಕೇ ನೇರವಾಗಿ ಬಂದು, ಬಾಟಲಿಗಳು ಹೇಗೆ ಕೆಟ್ಟವು ಎಂದು ಕೇಳಿದರು. ಕಿರಿಯ ತಡವರಿಸಲಿಲ್ಲ.

‘ಸರ್, ಅದು ನನ್ನ ಲೋಪ. ತೊಳೆಯುವ ಕ್ರಮವನ್ನ ಹೇಳಿ ಬಿಟ್ಟೆ, ಪರೀಕ್ಷಿಸಲಿಲ್ಲ. ಮೊದಲ ಸುತ್ತಿನಲ್ಲೇ ಬ್ಲ್ಯಾಂಕ್ ಇಟ್ಟಿದ್ದರೆ ಗೊತ್ತಾಗುತ್ತಿತ್ತು.’

ಪರೀಕ್ಷಕರು ತಲೆದೂಗಿ ಪುಟ ತಿರುಗಿಸಿದರು. ಸ್ವಲ್ಪ ಹೊತ್ತಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಹೊರಗೆ ಮೊಗಸಾಲೆಯಲ್ಲಿ ಅವನಿಗೆ ಹಾರ ಹಾಕಿದರು. ಜನ ಫೋಟೋಗೆ ಸಾಲು ನಿಲ್ಲುತ್ತಿದ್ದಾಗ ಅವನು ಪೇಡೆಯ ಡಬ್ಬಿ ಹಿಡಿದು ನನ್ನನ್ನು ಹುಡುಕಿಕೊಂಡು ಬಂದ. ‘ತಗಳಿ ಅಣ್ಣ, ಮೊದ್ಲು ನಿಮ್ಗೆ.’

ನಾನು ಪೇಡೆ ತೆಗೆದುಕೊಂಡೆ, ತಿನ್ನಲಿಲ್ಲ. ‘ಮರ್ತಿರ್ಲಿಲ್ಲ ಕಣಪ್ಪ’ ಅಂದೆ.

‘ಏನು?’

‘ಸೋಪಿನ ಪುಡಿ. ನೀನು ಯೋಳಿದ್ದು ಗೆಪ್ತಿ ಇತ್ತು. ಬೇಕಂತ್ಲೇ ತೊಳ್ದೆ. ಬ್ಲ್ಯಾಂಕು ನೀಲಿ ಆದಾಗ್ಲೂ ಗೊತ್ತಿತ್ತು. ನೀನು ಡಾಕ್ಟರ್ ಆಗೋದು ನಂಗೆ ಸೈಸಕ್ಕಾಗ್ಲಿಲ್ಲ.’

ಅವನು ಡಬ್ಬಿಯ ಮುಚ್ಚಳ ಹಾಕಿದ. ಹಾರದ ಸುಗಂಧರಾಜದ ಎಸಳೊಂದನ್ನು ಕೋಟಿನಿಂದ ಬಿಡಿಸಿದ.

‘ಆ ಡಿಸ್ಟಿಲೇಷನ್ ಯೂನಿಟ್ ಬಿಚ್ಚಿದಾಗ್ಲೂ ಗೊತ್ತಿತ್ತಾ?’

‘ಗೊತ್ತಿತ್ತು.’

‘ನನ್ ಜೊತೆ ಕೂತ್ಕಂಡು ಸುಣ್ಣ ಕೆರೀತಿದ್ರಲ್ಲ.’

ಯಾರೋ ಅವನನ್ನು ‘ಡಾಕ್ಟ್ರೇ, ಬನ್ನಿ’ ಎಂದು ಕರೆದರು. ಅವನು ಹೋಗಿ ಹೆಂಡತಿಯ ಪಕ್ಕ ನಿಂತ. ಕ್ಯಾಮೆರಾದವನು ನಗಿ ಸಾರ್ ಎಂದು ಎರಡು ಮೂರು ಸಲ ಹೇಳಬೇಕಾಯಿತು.

ಇಂದಿಗೂ ಅವನು ನನ್ನನ್ನು ಮಾತನಾಡಿಸುತ್ತಾನೆ. ಮಂಡಿನೋವು ಹೇಗಿದೆ ಎಂದು ಕೇಳುತ್ತಾನೆ. ಆದರೆ ಅವನ ಬಾಟಲಿಗಳು ನನ್ನ ಸಿಂಕಿಗೆ ಬರುವುದಿಲ್ಲ.

ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಹೇಳಲು ಒಂದು ವರ್ಷವಿಡೀ ಸಮಯವಿತ್ತು. ಲ್ಯಾಬಿನಲ್ಲಿ ನಾವಿಬ್ಬರೇ ಇದ್ದ ಮಧ್ಯಾಹ್ನಗಳು ಎಷ್ಟೋ ಇದ್ದವು. ಅದೆಲ್ಲ ಬಿಟ್ಟು, ಅವನ ಕೊರಳಿಗೆ ಹಾರ ಬಿದ್ದ ಗಳಿಗೆಯನ್ನೇ ಏಕೆ ಆರಿಸಿಕೊಂಡೆ? ಮನಸ್ಸು ಹಗುರ ಮಾಡಿಕೊಳ್ಳಲು ಎಂದು ದೇವರ ಮುಂದೆ ಹೇಳಿಕೊಂಡಿದ್ದೇನೆ. ಹೇಳುವಾಗ ನಾನು ಅವನ ಕಣ್ಣನ್ನು ನೋಡುತ್ತಿರಲಿಲ್ಲ. ಹಾರವನ್ನು ನೋಡುತ್ತಿದ್ದೆ.